ಹಳೆಯ ತೊಲೆ, ಹೊಸ ಪಂಖ

ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ ಬಯಲುಸೀಮೆಯ ಮನೆಗಳಲ್ಲಿ ಬೀಸಣಿಗೆಗೆ ಬಿಡುವಿಲ್ಲದ ಕೆಲಸವಿರುತ್ತಿದ್ದ ಕಾಲವೊಂದಿತ್ತು. ತಾಳೆಗರಿಯದು, ಲಾವಂಚದ ಬೇರಿನದು, ಬಿದಿರ ಸೀಳುಗಳಿಂದ ಹೆಣೆದದ್ದು, ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಬಗೆ. ಬಿಸಿಲಲ್ಲಿ ಬಂದ ನೆಂಟರಿಗೆ ಕಾಲು ತೊಳೆಯಲು ನೀರು ಕೊಟ್ಟು, ಚಾಪೆ ಹಾಸಿ, ಬೆಲ್ಲದ ಪಾನಕದೊಡನೆ ಬೀಸಣಿಗೆಯೊಂದನ್ನು ಮುಂದಿಡುವುದು ಉಪಚಾರದ ಅಂಗವೇ ಆಗಿತ್ತು. ಇಂದು ಆ ಉಪಚಾರವನ್ನು ಗೋಡೆಯ ಮೇಲಿನ ಗುಂಡಿಯೊಂದು ಮಾಡಿ ಮುಗಿಸುತ್ತದೆ. ಗುಂಡಿ ಒತ್ತಿದೊಡನೆ ಸೂರಿನ ಕೆಳಗೆ ಪಂಖ ತಿರುಗುತ್ತದೆ. ಅದರ ಅಡಿಯಲ್ಲಿ ಜನ ಉಣ್ಣುತ್ತಾರೆ, ಓದುತ್ತಾರೆ, ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ನಾಲ್ಕೈದು ಕಿಲೋಗ್ರಾಂ ತೂಕದ ಯಂತ್ರವೊಂದು ನಿಮಿಷಕ್ಕೆ ಮುನ್ನೂರೈವತ್ತು ಸುತ್ತಿನಂತೆ ತಲೆಯ ಮೇಲೆ ತಿರುಗುತ್ತಿರುವಾಗ, ಅದು ಯಾವುದನ್ನು ಹಿಡಿದು ನೇತಾಡುತ್ತಿದೆ ಎಂದು ಕತ್ತೆತ್ತಿ ನೋಡುವವರು ವಿರಳ.

ಸೂರಿನಿಂದ ಗಾಳಿ ಬೀಸಿಸಿಕೊಳ್ಳುವ ಬಯಕೆಯೇನೂ ಹೊಸದಲ್ಲ. ಆಂಗ್ಲರ ಆಳ್ವಿಕೆಯಲ್ಲಿ ನ್ಯಾಯಾಲಯಗಳಲ್ಲಿಯೂ ಅಧಿಕಾರಿಗಳ ಬಂಗಲೆಗಳಲ್ಲಿಯೂ ಚೌಕಟ್ಟಿಗೆ ಬಿಗಿದ ಉದ್ದನೆಯ ಬಟ್ಟೆಯೊಂದು ಮೇಲಿನಿಂದ ತೂಗುತ್ತಿತ್ತು. ಅದಕ್ಕೆ ಕಟ್ಟಿದ ಹಗ್ಗವು ಗೋಡೆಯ ರಂಧ್ರದ ಮೂಲಕ ಹೊರಜಗುಲಿಗೆ ಬರುತ್ತಿತ್ತು. ಅಲ್ಲಿ ಕುಳಿತ ಆಳು ಹಗಲೆಲ್ಲ, ಒಮ್ಮೊಮ್ಮೆ ಇರುಳೆಲ್ಲ, ಅದನ್ನು ಎಳೆಯುತ್ತಿರಬೇಕು. ಒಳಗಿನವರಿಗೆ ಗಾಳಿ, ಹೊರಗಿನವನಿಗೆ ಬೆವರು. 1880ರ ದಶಕದಲ್ಲಿ ಅಮೆರಿಕದ ಫಿಲಿಪ್ ಡೀಲ್ ಎಂಬಾತ, ಹೊಲಿಗೆಯಂತ್ರಕ್ಕೆಂದು ರೂಪಿಸಿದ್ದ ಮೋಟಾರಿಗೆ ರೆಕ್ಕೆಗಳನ್ನು ಜೋಡಿಸಿ ಸೂರಿಗೆ ತೂಗುಹಾಕಿದ. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಹಳ್ಳಿಗಳನ್ನು ತಲುಪಲು ಅದಕ್ಕೆ ಮತ್ತೆ ಹಲವು ದಶಕಗಳೇ ಬೇಕಾದವು. ಆದಕಾರಣ ನಾಡಿನ ಹಳೆಯ ಮನೆಗಳೆಲ್ಲ ಪಂಖದ ಕಲ್ಪನೆಯೇ ಇಲ್ಲದ ಕಾಲದಲ್ಲಿ ಎದ್ದು ನಿಂತವು. ಅವುಗಳ ಸೂರಿನಲ್ಲಿ ತೊಟ್ಟಿಲು ಕಟ್ಟಲು ಬಳೆಗಳಿದ್ದವು, ನೆಲವು ತೂಗಲು ಕೊಂಡಿಗಳಿದ್ದವು. ಸದಾ ಅದುರುವ ಯಂತ್ರವೊಂದನ್ನು ಹೊರುವ ಏರ್ಪಾಡು ಇರಲಿಲ್ಲ.

ತುಮಕೂರು ಜಿಲ್ಲೆಯ ಒಂದು ಊರಿನ ತೊಟ್ಟಿಮನೆ ಅಂಥದು. ಸುಮಾರು ತೊಂಬತ್ತು ವರ್ಷದ ಆ ಮನೆಯ ಕೋಣೆಯೊಂದರಲ್ಲಿ ಮನೆಯ ಅಜ್ಜಿ ಮಲಗಿದಲ್ಲೇ ಇದ್ದಳು. ಸೊಂಟದ ಮೂಳೆ ಮುರಿದು ಕೂಡಿಕೊಂಡಿದ್ದರೂ ನಡೆದಾಡುವ ಶಕ್ತಿ ಬಂದಿರಲಿಲ್ಲ. ಬೇಸಗೆಯ ಮಧ್ಯಾಹ್ನಗಳಲ್ಲಿ ಬೆನ್ನ ಮೇಲೆ ಬೆವರುಸಾಲೆ ಎದ್ದು, ಚರ್ಮ ಒಡೆದು ಹುಣ್ಣಾಗುವ ಭಯವಿತ್ತು. ಮೇಜಿನ ಮೇಲಿನ ಸಣ್ಣ ಪಂಖ ಒಂದೇ ಮಗ್ಗುಲಿಗೆ ಬೀಸುತ್ತಿತ್ತು. ಮಂಚವನ್ನು ನಡುಮನೆಗೆ ಸಾಗಿಸೋಣವೆಂದರೆ ಅಜ್ಜಿ ಒಪ್ಪಳು. ಆ ಮಂಚದಿಂದ ತೊಟ್ಟಿಯ ಬಿಸಿಲು, ತುಳಸಿಕಟ್ಟೆ, ಅದರಾಚೆ ತಲೆಬಾಗಿಲು ಎಲ್ಲವೂ ಒಂದೇ ನೇರಕ್ಕೆ ಕಾಣುತ್ತಿದ್ದವು. ಯಾರು ಬಂದರು, ಯಾರು ಹೋದರು ಎಂಬುದು ಅವಳಿಗೆ ತಿಳಿಯುತ್ತಿತ್ತು. ಅಷ್ಟನ್ನೂ ಕಳೆದುಕೊಂಡರೆ ಅವಳಿಗೆ ಉಳಿಯುವುದು ಒಂದು ಗೋಡೆ ಮಾತ್ರ. ಆದ್ದರಿಂದ ಪಂಖವೇ ಅವಳಿದ್ದಲ್ಲಿಗೆ ಬರಬೇಕೆಂದು ಅವಳ ಮಗ ನಿಶ್ಚಯಿಸಿದ.

ವಿದ್ಯುತ್ ಕೆಲಸದ ಯುವಕ ಬಂದು ನೋಡಿದ. ಕೋಣೆಯ ಉದ್ದಕ್ಕೆ ಮತ್ತಿಮರದ ಮೂರು ತೊಲೆಗಳು, ಅವುಗಳ ಮೇಲೆ ಅಡ್ಡಲಾಗಿ ಜಂತೆಗಳು, ಜಂತೆಗಳ ಮೇಲೆ ಹಲಗೆ, ಅದರ ಮೇಲೆ ಮಣ್ಣು ಮತ್ತು ಗಾರೆ. ನಡುವಣ ತೊಲೆ ಸರಿಯಾಗಿ ಮಂಚದ ಮೇಲೆಯೇ ಹಾದಿತ್ತು. ತೊಲೆಯ ತಳಕ್ಕೆ ಬೈರಿಗೆಯಿಂದ ರಂಧ್ರ ಕೊರೆದು, ತಿರುಪಿನ ಕೊಂಡಿಯೊಂದನ್ನು ತಿರುಗಿಸಿ ಕೂರಿಸಿದರೆ ಅರ್ಧ ಗಂಟೆಯ ಕೆಲಸ ಎಂದು ಅವನು ಲೆಕ್ಕ ಹಾಕಿದ. ಅವನು ಅಸಡ್ಡೆಯವನಲ್ಲ; ತಂತಿಯ ಕೆಲಸವನ್ನು ಚೆನ್ನಾಗಿ ಬಲ್ಲವನು. ಆದರೆ ಮರದ ಒಳಗನ್ನು ತಂತಿ ಬಲ್ಲವನು ಕಾಣಲಾರ. "ರಂಧ್ರ ಕೊರೆಯುವ ಮೊದಲು ಆಚಾರ್ರನ್ನು ಒಮ್ಮೆ ಕರೆಸಿ ಸಾರ್, ಹಳೇ ಮರ" ಎಂದು ಅವನಾಗಿಯೇ ಹೇಳಿದ್ದು ಆ ಮನೆಯವರ ಪುಣ್ಯ.

ಮುದುಕನಾದ ಬಡಗಿ ಏಣಿ ಹತ್ತಿ, ಕೊಡತಿಯ ತುದಿಯಿಂದ ತೊಲೆಯನ್ನು ಗೇಣು ಗೇಣಿಗೆ ತಟ್ಟುತ್ತ ಹೋದ. ನಡುಭಾಗದಲ್ಲಿ ಗಟ್ಟಿಮರದ ಕಿರಿದಾದ, ಸ್ಪಷ್ಟವಾದ ಶಬ್ದ. ಗೋಡೆಯ ಸಮೀಪಕ್ಕೆ ಬಂದಾಗ ಶಬ್ದ ಬದಲಾಯಿತು; ಖಾಲಿ ಕಣಜವನ್ನು ತಟ್ಟಿದಂತೆ ಕೇಳಿಸಿತು. ಉಳಿಯ ಮೊನೆಯನ್ನು ಮೆಲ್ಲಗೆ ಒತ್ತಿದ. ಅದು ತಡೆಯಿಲ್ಲದೆ ಎರಡು ಬೆರಳುದ್ದ ಒಳಗೆ ಇಳಿಯಿತು. ಹೊರಗೆ ತೆಗೆದಾಗ ಅದರೊಡನೆ ಬಂದದ್ದು ಮರವಲ್ಲ, ಮಣ್ಣಿನ ಪುಡಿ. ಮಾಳಿಗೆಯ ನೀರು ಎಷ್ಟೋ ಮಳೆಗಾಲಗಳಿಂದ ಆ ಮೂಲೆಯಲ್ಲಿ ಇಳಿದು ತೊಲೆಯ ತುದಿಯನ್ನು ನೆನೆಸಿತ್ತು. ನೆನೆದ ಮರಕ್ಕೆ ಗೋಡೆಯ ಒಳಗಿನಿಂದಲೇ ಗೆದ್ದಲು ಹತ್ತಿತ್ತು. ಹೊರಮೈಗೆ ಬಳಿದ ಎಣ್ಣೆಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

"ಇಷ್ಟು ವರ್ಷ ನಿಂತಿದೆಯಲ್ಲ ಆಚಾರ್ರೇ, ಐದು ಕಿಲೋಗೆ ಏನಾದೀತು?" ಎಂದು ಮಗ ಕೇಳಿದ.

"ನಿಂತಿರೋದು ಬೇರೆ, ಅಲ್ಲಾಡಿಸಿಕೊಳ್ಳೋದು ಬೇರೆ ಸ್ವಾಮಿ. ಬೇಲಿಗೂಟ ಕೀಳೋವಾಗ ಎಳೀತೀರೋ, ಅಲ್ಲಾಡಿಸ್ತೀರೋ?" ಎಂದ ಬಡಗಿ.

ಈ ಪ್ರಶ್ನೆಯಲ್ಲಿ ಯಂತ್ರಶಾಸ್ತ್ರದ ಒಂದು ಮುಖ್ಯ ವಿಷಯ ಅಡಗಿದೆ. ನಿಶ್ಚಲವಾದ ಭಾರ ವಸ್ತುವನ್ನು ಒಂದೇ ದಿಕ್ಕಿನಲ್ಲಿ ಜಗ್ಗುತ್ತದೆ. ತಿರುಗುವ ಯಂತ್ರವೋ ಕ್ಷಣಕ್ಷಣವೂ ಬೇರೆ ಬೇರೆ ದಿಕ್ಕಿಗೆ ಸೂಕ್ಷ್ಮವಾಗಿ ಅದುರಿಸುತ್ತದೆ. ನಾಲ್ಕು ಅಡಿ ವ್ಯಾಸದ ಪಂಖ ಪೂರ್ಣ ವೇಗದಲ್ಲಿ ತಿರುಗುವಾಗ ರೆಕ್ಕೆಯ ತುದಿ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ಮೂರು ರೆಕ್ಕೆಗಳ ತೂಕದಲ್ಲಿ ಸ್ವಲ್ಪವೇ ವ್ಯತ್ಯಾಸವಿದ್ದರೂ ಪ್ರತಿ ಸುತ್ತಿಗೂ ಕೊಂಡಿಗೆ ಒಂದು ಜಗ್ಗು ತಪ್ಪದು. ನಿಮಿಷಕ್ಕೆ ಮುನ್ನೂರೈವತ್ತು ಜಗ್ಗು, ಗಂಟೆಗೆ ಇಪ್ಪತ್ತೊಂದು ಸಾವಿರ! ತಿರುಪಿನ ಕೊಂಡಿ ನಿಂತಿರುವುದು ಮರದ ಎಳೆಗಳ ಹಿಡಿತದಿಂದ. ಆ ಎಳೆಗಳು ಒಣಗಿ ಸೀಳಿದರೆ, ಇಲ್ಲವೇ ಗೆದ್ದಲಿಗೆ ಆಹಾರವಾದರೆ, ಹಿಡಿತ ದಿನದಿನಕ್ಕೆ ಸಡಿಲಗೊಳ್ಳುತ್ತದೆ. ಅದು ಕಳಚಿ ಬೀಳುವುದು ಪಂಖ ಜೋರಾಗಿ ತಿರುಗುವಾಗಲೇ, ಎಂದರೆ ಕೆಳಗೆ ಜನರಿರುವಾಗಲೇ.

ಇಲ್ಲಿ ಬೇರೆ ಬಗೆಯ ಮನೆಗಳ ಮಾತನ್ನೂ ಹೇಳಿಬಿಡುವುದು ಒಳ್ಳೆಯದು. ಕಬ್ಬಿಣದ ಸರಳಿಟ್ಟು ಎರಕಹೊಯ್ದ ಕಾಂಕ್ರೀಟಿನ ಛಾವಣಿಯಲ್ಲಿ ಸಾಮಾನ್ಯವಾಗಿ ಕಟ್ಟುವಾಗಲೇ ಕೊಂಡಿಯನ್ನು ಸರಳಿಗೆ ಬಿಗಿದು ಹೂತಿರುತ್ತಾರೆ. ಮರೆತಿದ್ದರೆ, ಗಾರೆಯ ಪದರವನ್ನು ದಾಟಿ ಕಾಂಕ್ರೀಟಿನ ಒಳಗೆ ರಂಧ್ರ ಕೊರೆದು, ಬಿಗಿದಂತೆಲ್ಲ ಒಳಗೇ ಅರಳಿಕೊಳ್ಳುವ ಬೋಲ್ಟನ್ನು ಕೂರಿಸಬೇಕು. ಕೊರೆಯುವಾಗ ಸರಳು ಸಿಕ್ಕರೆ ಅದನ್ನು ಕತ್ತರಿಸದೆ ಪಕ್ಕಕ್ಕೆ ಸರಿಯಬೇಕು. ಕಲ್ಲುಚಪ್ಪಡಿಯ ಮಾಳಿಗೆಯಾದರೆ ಬೋಲ್ಟು ಆರಪಾರ ಹಾದು, ಮೇಲ್ಗಡೆ ಅಗಲವಾದ ಕಬ್ಬಿಣದ ತಗಡಿನ ಮೇಲೆ ಕೂರುವುದು ಕ್ಷೇಮ. ಆ ತೂತಿನಿಂದ ಮಳೆನೀರು ಇಳಿಯದಂತೆ ಮುಚ್ಚುವುದೂ ಅಷ್ಟೇ ಅವಶ್ಯಕ. ಮಂಗಳೂರು ಹೆಂಚಿನ ಮನೆಯಲ್ಲಿ ಹೆಂಚನ್ನು ಹೊತ್ತ ತೆಳುವಾದ ರೀಪಿಗೆ ಪಂಖ ಕಟ್ಟುವುದು ಶುದ್ಧ ಅವಿವೇಕ. ಅಂದಕ್ಕೆಂದು ಹೊದಿಸಿದ ಹುಸಿಛಾವಣಿಯ ವಿಷಯವಂತೂ ಹೇಳಬೇಕಾದ್ದೇ ಇಲ್ಲ. ಅದು ತನ್ನನ್ನು ತಾನು ಹೊತ್ತುಕೊಂಡರೆ ಸಾಕು.

ತೊಟ್ಟಿಮನೆಯಲ್ಲಿ ಈಗ ಎರಡು ಕೆಲಸಗಳು ಎದುರಾದವು. ಪಂಖ ಬರಲಿ ಬಿಡಲಿ, ಟೊಳ್ಳಾದ ತೊಲೆಯ ಕೆಳಗೆ ಅಜ್ಜಿಯನ್ನು ಒಂದು ರಾತ್ರಿಯೂ ಮಲಗಿಸುವಂತಿರಲಿಲ್ಲ. ಅಂದೇ ಮಂಚವನ್ನು ನಡುಮನೆಗೆ ಸಾಗಿಸಿದರು. ಅಜ್ಜಿ ಆ ಹೊತ್ತು ಯಾರೊಡನೆಯೂ ಮಾತನಾಡಲಿಲ್ಲ. ಬಡಗಿ ತೊಲೆಯ ಗಟ್ಟಿಭಾಗ ಎಲ್ಲಿಂದ ಆರಂಭವಾಗುತ್ತದೆಂದು ಗುರುತು ಮಾಡಿ, ಅದಕ್ಕೆ ಆನಿಸಿ, ಗೋಡೆಯಿಂದ ಎರಡಡಿ ಈಚೆಗೆ ಹೊಸ ಕಂಬವೊಂದನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿ ಬೋದಿಗೆ ಕೊಟ್ಟ. ಕೆಟ್ಟ ತುದಿಯನ್ನು ಕೊಯ್ದು ತೆಗೆದು, ಉಳಿದ ಮರಕ್ಕೆ ಗೆದ್ದಲಿನ ಔಷಧಿ ಬಳಿದ. ಮಾಳಿಗೆಯ ಆ ಮೂಲೆಗೆ ಹೊಸ ಗಾರೆಯಾಯಿತು. ಹತ್ತು ದಿನಗಳು ಹಿಡಿದವು.

ಆಮೇಲೆ ಪಂಖದ ಮಾತು. ದುರಸ್ತಿಯಾದ ತೊಲೆಯ ಮೇಲೆ ಹೊಸ ಭಾರ ಹೊರಿಸಲು ಬಡಗಿ ಒಪ್ಪಲಿಲ್ಲ. ಅಕ್ಕಪಕ್ಕದ ಎರಡು ತೊಲೆಗಳು ತಟ್ಟಿ ನೋಡಿದಷ್ಟು ಕಡೆಯಲ್ಲೂ ಗಟ್ಟಿಯಾಗಿದ್ದವು. ಆ ಎರಡರ ಕೆಳಗೆ ಅಡ್ಡಲಾಗಿ ಎರಡಂಗುಲದ ಕಬ್ಬಿಣದ ಕೊಳವೆಯೊಂದನ್ನು ಕಟ್ಟಿ, ಅದರ ಮಧ್ಯಕ್ಕೆ ಪಂಖವನ್ನು ತೂಗುಹಾಕಿದರೆ ಭಾರ ಇಬ್ಬರು ಆರೋಗ್ಯವಂತರ ಹೆಗಲಿಗೆ ಹಂಚಿಹೋಗುತ್ತದೆ. ಪಂಖವೂ ಮಂಚದ ಮೇಲೆಯೇ ಇರುತ್ತದೆ. ಕೊಳವೆಯನ್ನು ಹಿಡಿಯಲು ಕಮ್ಮಾರನಿಂದ ಪಟ್ಟಿಕಬ್ಬಿಣದ ಎರಡು ಬಳಸುಪಟ್ಟಿಗಳನ್ನು ಮಾಡಿಸಿದರು. ಜಂತೆಗಳ ನಡುವಣ ಸಂದಿನಲ್ಲಿ ತೊಲೆಯ ಬೆನ್ನ ಮೇಲಿಂದ ಬಳಸಿ ಬಂದ ಪಟ್ಟಿಯ ಎರಡು ತುದಿಗಳನ್ನು ಕೆಳಗೆ ಬೋಲ್ಟಿನಿಂದ ಬಿಗಿದರು. ತೊಲೆಗೆ ಒಂದು ತೂತೂ ಬೀಳಲಿಲ್ಲ. ತಿರುಪಿನ ಕೊಂಡಿ ಮರವನ್ನು ಕಚ್ಚಿಕೊಂಡಿರುತ್ತದೆ. ಬಳಸುಪಟ್ಟಿ ಮರವನ್ನು ತಬ್ಬಿಕೊಂಡಿರುತ್ತದೆ. ಇದು ಬೀಳಬೇಕಾದರೆ ತೊಲೆಯೇ ಬೀಳಬೇಕು.

ಅಷ್ಟಾದರೂ ಬಡಗಿಗೆ ತೃಪ್ತಿಯಿಲ್ಲ. ನೆಲದಿಂದ ಕೊಳವೆಯವರೆಗಿನ ಎತ್ತರವನ್ನು ಕೋಲಿನಿಂದ ಅಳೆದು, ಕೋಲಿಗೆ ಸುಣ್ಣದಕಡ್ಡಿಯಿಂದ ಗೀಟು ಹಾಕಿದ. ಬಳಿಕ ಐವತ್ತು ಕಿಲೋದ ರಾಗಿಮೂಟೆಯೊಂದನ್ನು ಕೊಳವೆಗೆ ತೂಗುಹಾಕಿ, ಕೋಣೆಗೆ ಬೀಗ ಹಾಕಿಸಿ ಮನೆಗೆ ಹೋದ. ಮರುದಿನ ಬೆಳಗ್ಗೆ ಮೂಟೆಯನ್ನು ಇಳಿಸಿ ಮತ್ತೆ ಅಳೆದಾಗ ಗೀಟು ಕೂದಲೆಳೆಯಷ್ಟೂ ಸರಿದಿರಲಿಲ್ಲ. "ಈಗ ನಿನ್ನ ಕೆಲಸ ಶುರುಮಾಡಪ್ಪ" ಎಂದು ವಿದ್ಯುತ್ ಕೆಲಸದ ಯುವಕನಿಗೆ ದಾರಿ ಬಿಟ್ಟುಕೊಟ್ಟ.

ಯುವಕ ಮೊದಲು ಮಾಡಿದ್ದು ಮುಖ್ಯಗುಂಡಿಯನ್ನು ಆರಿಸಿ, ಪಿಂಗಾಣಿಯ ಫ್ಯೂಸನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡದ್ದು. ಒಬ್ಬನು ಮೇಲೆ ತಂತಿ ಹಿಡಿದಿರುವಾಗ ಮತ್ತೊಬ್ಬನು ತಿಳಿಯದೆ ಗುಂಡಿ ಒತ್ತಿ ನಡೆದ ಅನಾಹುತಗಳು ಎಷ್ಟೋ. ಫ್ಯೂಸು ಜೇಬಿನಲ್ಲಿರುವವರೆಗೆ ಯಾರು ಏನು ಒತ್ತಿದರೂ ಭಯವಿಲ್ಲ. ಹಿಂದಿನ ದಿನವೇ ಅವನು ಒಂದು ದೋಷವನ್ನು ಕಂಡುಹಿಡಿದಿದ್ದ. ಕೋಣೆಯ ದೀಪದ ಗುಂಡಿ ಆರಿಸಿದ್ದರೂ ದೀಪದ ಹೋಲ್ಡರಿಗೆ ಮುಟ್ಟಿಸಿದ ಟೆಸ್ಟರು ಮಿನುಗಿತು. ಹಿಂದೆ ಯಾರೋ ಗುಂಡಿಯನ್ನು ಸಜೀವ ತಂತಿಯ ಬದಲು ತಟಸ್ಥ ತಂತಿಯ ಹಾದಿಯಲ್ಲಿ ಇಟ್ಟಿದ್ದರು. ಹಾಗೆ ಇಟ್ಟರೂ ದೀಪ ಹತ್ತುತ್ತದೆ, ಆರುತ್ತದೆ. ನೋಡುವವರಿಗೆ ಎಲ್ಲವೂ ಸರಿ. ಆದರೆ ಆರಿದ ಮೇಲೂ ವಿದ್ಯುತ್ತು ಹೋಲ್ಡರಿನವರೆಗೆ ಬಂದು ಕಾದು ಕುಳಿತಿರುತ್ತದೆ. ಗುಂಡಿ ಆರಿಸಿದ್ದೇನೆಂದು ನಂಬಿ ಮುಟ್ಟಿದವನಿಗೆ ಆಘಾತ. ಮರದ ಪಟ್ಟಿಗೆ ಬಡಿದ ಹಳೆಯ ತಂತಿಗಳ ರಬ್ಬರಿನ ಹೊದಿಕೆಯೂ ಬಾಗಿಸಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಅದನ್ನೆಲ್ಲ ತೆಗೆದು ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಗಳನ್ನು ಕೊಳವೆಯೊಳಗೆ ಎಳೆದ. ಎರಡರ ಬದಲು ಮೂರು ತಂತಿ: ಮೂರನೆಯದು ಹಳೆಯ ಮನೆಯ ದೀಪಗಳಿಗೆ ಇಲ್ಲದೆಯೇ ಇದ್ದ ಭೂಸಂಪರ್ಕ ತಂತಿ. ಪಂಖದ ಲೋಹದ ಮೈಗೆ ಎಂದಾದರೂ ವಿದ್ಯುತ್ತು ಸೋರಿದರೆ ಅದು ಮನುಷ್ಯರನ್ನು ಹುಡುಕದೆ ಈ ತಂತಿಯ ಮೂಲಕ ನೆಲಕ್ಕೆ ಇಳಿಯುತ್ತದೆ. 30 ಮಿಲಿಆಂಪಿಯರ್‌ನಷ್ಟು ಸೋರಿಕೆಗೇ ಸರಬರಾಜನ್ನು ಕಡಿದುಬಿಡುವ ರಕ್ಷಕ ಗುಂಡಿಯೊಂದನ್ನೂ ಜೋಡಿಸಿದ.

ಯಾವ ಪಂಖ ತರಬೇಕೆಂಬುದನ್ನು ನಿಶ್ಚಯಿಸಿದವಳು ಒಂಬತ್ತನೆಯ ತರಗತಿಯ ಮೊಮ್ಮಗಳು. ಸಾಮಾನ್ಯ ಪಂಖ ಸುಮಾರು 75 ವಾಟ್ ವಿದ್ಯುತ್ತನ್ನು ಬಳಸುತ್ತದೆ. ಈಚೆಗೆ ಬಂದಿರುವ ಶಾಶ್ವತ ಅಯಸ್ಕಾಂತದ ಪಂಖ ಸುಮಾರು 30 ವಾಟ್. ಬೆಲೆ ಎರಡನೆಯದಕ್ಕೆ ಹೆಚ್ಚು. ಅಜ್ಜಿಗೆ ಪಂಖ ದಿನಕ್ಕೆ ಹದಿನಾರು ಗಂಟೆ ಬೇಕು. ಹುಡುಗಿ ಗುಣಿಸಿ ನೋಡಿದಳು: ಮೊದಲನೆಯದಕ್ಕೆ ದಿನಕ್ಕೆ 1.2 ಯೂನಿಟ್, ಎರಡನೆಯದಕ್ಕೆ 0.48 ಯೂನಿಟ್, ತಿಂಗಳಿಗೆ ಉಳಿತಾಯ ಇಪ್ಪತ್ತೊಂದೂವರೆ ಯೂನಿಟ್ಟಿಗೂ ಹೆಚ್ಚು. ಅಂಗಡಿಯಲ್ಲಿ ಅವಳು ಪೆಟ್ಟಿಗೆಯ ಮೇಲಿನ ನಕ್ಷತ್ರಗಳ ಚೀಟಿಯನ್ನೂ ಓದಿದಳು. 2023ರಿಂದ ಭಾರತದಲ್ಲಿ ಛಾವಣಿಯ ಪಂಖಗಳಿಗೆ ಆ ಚೀಟಿ ಕಡ್ಡಾಯ.

ಪಂಖವನ್ನು ಜೋಡಿಸುವಾಗ ಅವಳು ಕೇಳಿದ ಪ್ರಶ್ನೆ ಇನ್ನೂ ಚೆನ್ನಾದದ್ದು. "ಅಣ್ಣಾ, ಪಂಖದ ಹೊರಮೈಯೇ ತಿರುಗುತ್ತದೆ. ಹಾಗಾದರೆ ಮೇಲಿಂದ ಬಂದ ತಂತಿ ಹಗ್ಗದ ಹಾಗೆ ಹುರಿಗೊಳ್ಳುವುದಿಲ್ಲವೇ?"

ಬಾವಿಯ ನೀರೆತ್ತುವ ಮೋಟಾರಿನಲ್ಲಿ ಹೊರಮೈ ನಿಶ್ಚಲ, ಒಳಗಿನ ಅಚ್ಚು ತಿರುಗುತ್ತದೆ. ಛಾವಣಿಯ ಪಂಖದಲ್ಲಿ ಇದು ತಿರುವುಮುರುವು. ನಡುವಿನ ಟೊಳ್ಳು ದಂಡ ಮತ್ತು ಅದಕ್ಕೆ ಬಿಗಿದ ತಾಮ್ರದ ಸುರುಳಿಗಳು ಕದಲುವುದಿಲ್ಲ. ತಂತಿಗಳು ದಂಡದ ಟೊಳ್ಳಿನೊಳಗಿಂದ ಇಳಿದು ಸುರುಳಿಗಳನ್ನು ಸೇರುತ್ತವೆ. ಅವುಗಳ ಸುತ್ತ ಬೇರಿಂಗುಗಳ ಮೇಲೆ ತಿರುಗುವುದು ಹೊರಚಿಪ್ಪು, ಅದರೊಡನೆ ರೆಕ್ಕೆಗಳು. ಸಾಮಾನ್ಯ ಪಂಖದಲ್ಲಿ ಸುರುಳಿಗಳು ಎರಡು ತಂಡಗಳಾಗಿದ್ದು, ಒಂದು ತಂಡದ ಪ್ರವಾಹವನ್ನು ಕೆಪಾಸಿಟರ್ ಎಂಬ ಪುಟ್ಟ ಡಬ್ಬಿ ತುಸು ಮುಂಚಿತವಾಗಿ ಹರಿಯುವಂತೆ ಮಾಡುತ್ತದೆ. ಈ ಮುಂಚುಹಿಂಚಿನಿಂದಲೇ ಕಾಂತಕ್ಷೇತ್ರ ಸುತ್ತತೊಡಗಿ ಚಿಪ್ಪನ್ನು ಸೆಳೆದೊಯ್ಯುತ್ತದೆ. ಡಬ್ಬಿ ಕೆಟ್ಟರೆ ಪಂಖ ಗುಂಯ್‌ಗುಡುತ್ತ ನಿಂತಲ್ಲೇ ನಿಲ್ಲುತ್ತದೆ. ಹೊಸ ಬಗೆಯ ಪಂಖದಲ್ಲಿ ಆ ಡಬ್ಬಿಯಿಲ್ಲ. ಚಿಪ್ಪಿನ ಒಳಮೈಗೆ ಅಯಸ್ಕಾಂತಗಳಿದ್ದು, ಯಾವ ಸುರುಳಿಗೆ ಯಾವಾಗ ಪ್ರವಾಹ ಹರಿಯಬೇಕೆಂಬುದನ್ನು ಎಲೆಕ್ಟ್ರಾನಿಕ್ ಮಂಡಲವೊಂದು ನಿರ್ಧರಿಸುತ್ತದೆ. ಅದರ ವೇಗವನ್ನು ರಿಮೋಟಿನಿಂದ ಬದಲಿಸಬೇಕು. ಗೋಡೆಯ ಹಳೆಯ ರೆಗ್ಯುಲೇಟರಿಗೆ ಅದನ್ನು ಜೋಡಿಸಬಾರದು.

ಯುವಕ ದಂಡದ ಮೇಲ್ತುದಿಯ ಬೋಲ್ಟನ್ನು ಬಿಗಿದು, ನಟ್ಟು ಕಳಚದಂತೆ ಸೀಳುಗಡ್ಡಿಯೊಂದನ್ನು ತೂರಿಸಿ ಅದರ ಎರಡು ಕಾಲುಗಳನ್ನೂ ಅಗಲಿಸಿ ಮಡಿಚಿದ. ಈ ಬೆರಳುದ್ದದ ಕಡ್ಡಿಯನ್ನು ಅವಸರದಲ್ಲಿ ಮರೆತು ಹೋಗುವವರೂ ಇದ್ದಾರೆ! ಪಂಖದ ಕುತ್ತಿಗೆಯಿಂದ ಕೊಳವೆಗೆ ಉಕ್ಕಿನ ಹುರಿಯೊಂದನ್ನೂ ಸುತ್ತಿ ಕಟ್ಟಿದ. ಒಂದು ಹಿಡಿತ ತಪ್ಪಿದರೆ ಇನ್ನೊಂದು ಇರಲೆಂದು. ರೆಕ್ಕೆಗಳು ನೆಲದಿಂದ ಎಂಟೂವರೆ ಅಡಿ ಮೇಲೆ ನಿಂತವು. ಮಂಚದ ಮೇಲೆ ನಿಂತ ಮಗುವಿನ ಕೈಗೂ, ಸೊಳ್ಳೆಪರದೆಯ ದಾರಕ್ಕೂ ಅವು ಎಟುಕುವಂತಿರಲಿಲ್ಲ.

ಗುಂಡಿ ಒತ್ತಿದಾಗ ಪಂಖ ತಿರುಗಿತು, ಆದರೆ ತುಸು ತೂಗಾಡಿತು. ನಿಲ್ಲಿಸಿ, ಒಂದೇ ಜಾಗದಲ್ಲಿ ಕೋಲು ಹಿಡಿದು, ಮೂರು ರೆಕ್ಕೆಗಳ ತುದಿಗಳನ್ನೂ ಒಂದೊಂದಾಗಿ ಅದರ ಎದುರಿಗೆ ತಂದು ನೋಡಿದರು. ಒಂದರ ತುದಿ ಅರ್ಧ ಅಂಗುಲ ಕೆಳಗಿತ್ತು. ಅದರ ಬುಡದ ತಿರುಪೊಂದು ಪೂರ್ತಿ ಕೂತಿರಲಿಲ್ಲ. ಬಿಗಿದ ಮೇಲೆ ತೂಗಾಟ ನಿಂತಿತು. ಒಂದು ಪಂಖದ ರೆಕ್ಕೆಗಳನ್ನು ಕಾರ್ಖಾನೆಯಲ್ಲಿ ತೂಕಕ್ಕೆ ಹೊಂದಿಸಿ ಜೊತೆಗೂಡಿಸಿರುತ್ತಾರೆ. ಇನ್ನೊಂದು ಪಂಖದ ರೆಕ್ಕೆಯನ್ನು ತಂದು ಸೇರಿಸುವುದು ಸಲ್ಲದು.

ಹನ್ನೆರಡನೆಯ ದಿನ ಸಂಜೆ ಅಜ್ಜಿಯ ಮಂಚ ತನ್ನ ಜಾಗಕ್ಕೆ ಮರಳಿತು. ಅವಳು ಮೊದಲು ನೋಡಿದ್ದು ಪಂಖವನ್ನಲ್ಲ, ತಲೆಬಾಗಿಲನ್ನು. ಆಮೇಲೆ ಮೇಲೆ ನೋಡಿ, "ಗಾಳಿ ತಣ್ಣಗಿದೆ" ಎಂದಳು. ಪಂಖ ಗಾಳಿಯನ್ನು ತಣಿಸುವುದಿಲ್ಲ, ಮೈಮೇಲಿನ ಬೆವರನ್ನು ಬೇಗ ಆರಿಸುವುದರಿಂದ ತಂಪೆನಿಸುತ್ತದೆ, ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ಅದನ್ನು ತಿರುಗಿಸುವುದು ವ್ಯರ್ಥ ಎಂದು ಮೊಮ್ಮಗಳು ವಿವರಿಸಿದಳು. "ಸರಿ ಬಿಡು, ನಾನೆಲ್ಲಿಗೆ ಎದ್ದು ಹೋಗಲಿ?" ಎಂದು ಅಜ್ಜಿ ನಕ್ಕಳು. ರಿಮೋಟು ಕೈತಪ್ಪಿ ಬೀಳದಂತೆ ಅದಕ್ಕೆ ದಾರ ಕಟ್ಟಿ, ತಲೆದಿಂಬಿನ ಪಕ್ಕದ ಮೊಳೆಗೆ ತೂಗುಹಾಕಿದರು. ಆ ಮೊಳೆಯಲ್ಲಿ ಮೊದಲಿನಿಂದ ಇದ್ದ ಲಾವಂಚದ ಬೀಸಣಿಗೆಯನ್ನು ತೆಗೆಯಲು ಅಜ್ಜಿ ಬಿಡಲಿಲ್ಲ.

ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಊರಿನ ವಿದ್ಯುತ್ತು ಹೋಯಿತು. ಪಂಖ ಮೆಲ್ಲಮೆಲ್ಲನೆ ನಿಂತಿತು. ಮಂಚದ ಕೆಳಗೆ ಚಾಪೆಯ ಮೇಲೆ ಮಲಗಿದ್ದ ಮೊಮ್ಮಗಳು ನಿದ್ದೆಯಲ್ಲೇ ಹೊರಳಾಡಿದಳು. ಅಜ್ಜಿ ಕತ್ತಲಲ್ಲಿ ಕೈಚಾಚಿ ಮೊಳೆಯನ್ನು ತಡಕಿದಳು, ಬೀಸಣಿಗೆ ಸಿಕ್ಕಿತು. ಮಗ್ಗುಲಿಗೆ ತುಸು ವಾಲಿ, ಚಾಪೆಯ ಕಡೆಗೆ ಮೆಲ್ಲಗೆ ಬೀಸತೊಡಗಿದಳು.